ಮೊದಲು ಕಂಡವರ ಮಾತು

(ಸಂಘದ ವಾರ್ಷಿಕ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಸಾಹಿತಿಗಳೂ ಚಿಂತಕರೂ ನಿಂತು ಮಾತನಾಡಿದ ಈ ವೇದಿಕೆಯಿಂದ ಹುಳುಹುಪ್ಪಟೆಗಳ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ಸಂಕೋಚವಾಯಿತು. ನಾನು ಸಾಹಿತಿಯಲ್ಲ. ಕೃಷಿ ಕೀಟಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಕೇಂದ್ರ ಸರ್ಕಾರದ ಸಸ್ಯಸಂರಕ್ಷಣೆಯ ಸೇವೆಯಲ್ಲಿ ಮೂವತ್ತು ವರ್ಷಗಳಿಗೆ ಸಮೀಪವಾಗಿ ದುಡಿದವನು. ಬಂದರಿನಲ್ಲೋ ವಿಮಾನನಿಲ್ದಾಣದಲ್ಲೋ ಕುಳಿತು, ಹೊರದೇಶದಿಂದ ಬರುವ ಬೀಜ, ಗಿಡ, ಧಾನ್ಯಗಳ ಜೊತೆ ಯಾವ ಕೀಟ, ಯಾವ ರೋಗ ಒಳಬರುತ್ತಿದೆ ಎಂದು ಪರೀಕ್ಷಿಸುವುದು ನನ್ನ ವೃತ್ತಿ. ಇದನ್ನು ಕ್ವಾರಂಟೈನ್ ಎನ್ನುತ್ತಾರೆ. 2020ಕ್ಕೆ ಮುಂಚೆ ಈ ಪದದ ಅರ್ಥವನ್ನು ನೆಂಟರಿಷ್ಟರಿಗೆ ವಿವರಿಸುವುದರಲ್ಲೇ ನನಗೆ ಸಾಕಾಗುತ್ತಿತ್ತು. ಕೊರೋನಾ ಬಂದ ಮೇಲೆ ಆ ಶ್ರಮ ತಪ್ಪಿತು. ಹಳ್ಳಿಯ ಮಕ್ಕಳ ಬಾಯಲ್ಲೂ ಆ ಪದ ಓಡಾಡಿತು.

ಈಗ ನಮ್ಮ ಕಡತಗಳಲ್ಲಿ ಇದಕ್ಕೆ ಇನ್ನೂ ದೊಡ್ಡ ಹೆಸರು ಬಂದಿದೆ: ಜೈವಿಕ ಭದ್ರತೆ. ಅದರ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: ‘ಸಮುದಾಯದ ಸಹಭಾಗಿತ್ವ’. ಪ್ರತಿಯೊಂದು ಯೋಜನೆಯ ಕಡೆಯ ಪುಟದಲ್ಲಿ ಈ ಮಾತು ಇರುತ್ತದೆ. ನಾನೂ ಅದನ್ನು ಎಷ್ಟೋ ಸಲ ಬರೆದಿದ್ದೇನೆ. ಆದರೆ ಅದರ ಅರ್ಥ ನನಗೆ ತಿಳಿದದ್ದು ಕಚೇರಿಯಲ್ಲಲ್ಲ, ನಮ್ಮ ಮನೆಯ ಕಾಫಿ ತೋಟದಲ್ಲಿ. ಆ ಸಂಗತಿಯನ್ನು ಹೇಳುವುದಕ್ಕೆಂದೇ ಈ ದಿನ ಬಂದಿದ್ದೇನೆ. ಅಲ್ಲಿಗೆ ಹೋಗುವ ಮುನ್ನ ತಾವು ವಾಸವಾಗಿರುವ ಈ ಊರಿನಿಂದಲೇ ಪ್ರಾರಂಭಿಸುತ್ತೇನೆ.

ರಸ್ತೆಯ ಬದಿಯಲ್ಲಿ, ಖಾಲಿ ನಿವೇಶನಗಳಲ್ಲಿ ಬಿಳಿಯ ಸಣ್ಣ ಹೂ ಬಿಡುವ ಪಾರ್ಥೇನಿಯಂ ಗಿಡವನ್ನು ತಾವೆಲ್ಲ ಬಲ್ಲಿರಿ. ನಮ್ಮ ದೇಶದಲ್ಲಿ ಅದು ಕಳೆಯಾಗಿ ಹಬ್ಬುತ್ತಿರುವುದನ್ನು ಮೊದಲು ಗುರುತಿಸಿದ್ದು ಇದೇ ಪುಣೆಯಲ್ಲಿ, 1955ರ ಸುಮಾರಿಗೆ. ಅಮೆರಿಕದಿಂದ ಆಮದಾದ ಗೋಧಿಯ ಜೊತೆ ಬಂತೆಂಬುದು ರೂಢಿಯ ಮಾತು. ಅದಕ್ಕೂ ಹಿಂದೆಯೇ ಈ ಗಿಡ ಇಲ್ಲಿತ್ತೆಂದು ವಾದಿಸುವ ಸಸ್ಯಶಾಸ್ತ್ರಜ್ಞರೂ ಇದ್ದಾರೆ. ಜನ ಮಾತ್ರ ಅದನ್ನು ‘ಕಾಂಗ್ರೆಸ್ ಗಿಡ’ ಎಂದು ಕರೆದು ಕೈತೊಳೆದುಕೊಂಡರು. ಕೇರಳದಲ್ಲಿ ಇಂಥದೇ ಇನ್ನೊಂದು ಪರದೇಶಿ ಗಿಡಕ್ಕೆ ‘ಕಮ್ಯುನಿಸ್ಟ್ ಪಚ್ಚ’ ಎಂಬ ಹೆಸರಿದೆ. ಇದು ನಗುವ ವಿಷಯವೇ ಸರಿ. ಆದರೆ ತಪ್ಪು ಯಾರದೆಂದು ಹೆಸರಿಟ್ಟ ಮೇಲೆ ಕಳೆ ಕೀಳುವ ಹೊಣೆ ತನ್ನದಲ್ಲವೆಂದು ಪ್ರತಿಯೊಬ್ಬನೂ ಭಾವಿಸಿದ. ಗಿಡ ಬೆಳೆಯುತ್ತಲೇ ಹೋಯಿತು.

ಈ ಊರಿಗೆ ಇನ್ನೊಂದು ಸಂಬಂಧವೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೆ ಜ್ವರ ಬರತೊಡಗಿತು. ಅದನ್ನು ಶೋಧಿಸಿ, ಉಣುಗುಗಳಿಂದ ಹರಡುವ ಹೊಸ ವೈರಸ್ ಎಂದು ಗುರುತಿಸಿದವರು ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು. ‘ಮಂಗನ ಕಾಯಿಲೆ’ ಎಂಬ ಹೆಸರು ನಿಂತಿತು. ಇಂದಿಗೂ ಮಲೆನಾಡಿನಲ್ಲಿ ಆ ಕಾಯಿಲೆಯ ಮೊದಲ ಸುಳಿವು ಸತ್ತ ಮಂಗವೇ. ಆ ಮಂಗವನ್ನು ಮೊದಲು ಕಾಣುವವರು ಕಾಡಿಗೆ ಸೊಪ್ಪಿಗೋ ಸೌದೆಗೋ ಹೋದವರು. ಅವರು ಬಂದು ಹೇಳಿದರೆ ಮಾತ್ರ ವೈದ್ಯರಿಗೆ ತಿಳಿಯುತ್ತದೆ. ಹೇಳದಿದ್ದರೆ ಕಾಯಿಲೆಯೇ ಬಂದು ಹೇಳುತ್ತದೆ.

ನಮ್ಮ ಕಾನೂನಿನ ಕಣ್ಣು ಈ ಮೊದಲು ಕಂಡವರ ಮೇಲೆ ಬಿದ್ದಿರುವುದು ಕಡಿಮೆ. ನಾನು ಯಾವ ಶಾಸನದ ಅಡಿಯಲ್ಲಿ ಕೆಲಸ ಮಾಡುತ್ತಿದ್ದೇನೋ ಅದು 1914ರ ವಿನಾಶಕಾರಿ ಕೀಟ ಮತ್ತು ಪೀಡೆಗಳ ಅಧಿನಿಯಮ, ಬ್ರಿಟಿಷರ ಕಾಲದ್ದು. 2003ರ ಸಸ್ಯ ಕ್ವಾರಂಟೈನ್ ಆದೇಶ ಅದರ ಅಡಿಯಲ್ಲೇ ಹೊರಟದ್ದು. ಇದನ್ನೆಲ್ಲ ಹೊಸದಾಗಿ ಕಟ್ಟುವ ಕೃಷಿ ಜೈವಿಕ ಭದ್ರತಾ ಮಸೂದೆಯೊಂದು 2013ರಲ್ಲಿ ಲೋಕಸಭೆಯಲ್ಲಿ ಮಂಡಿತವಾಯಿತು. ಆ ಲೋಕಸಭೆಯ ಅವಧಿ ಮುಗಿದಾಗ ಅದೂ ಬಿದ್ದುಹೋಯಿತು. ಈ ಕಾನೂನುಗಳು ಅಗತ್ಯವೆಂಬುದರಲ್ಲಿ ನನಗೆ ಸಂಶಯವಿಲ್ಲ. ಬಾಗಿಲಿಗೆ ಕಾವಲು ಬೇಕೇಬೇಕು. ಆದರೆ ಬಾಗಿಲು ದಾಟಿ ಬಂದದ್ದನ್ನು ಗುರುತಿಸುವ ಕಣ್ಣು ಕಚೇರಿಗಿಲ್ಲ. ಅದಿರುವುದು ಹೊಲದಲ್ಲಿ, ತೋಟದಲ್ಲಿ, ಕಾಡಿನ ಅಂಚಿನಲ್ಲಿ. 2018ರಲ್ಲಿ ಅಮೆರಿಕ ಮೂಲದ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಾಣಿಸಿಕೊಂಡಿದ್ದು ಯಾವ ಬಂದರಿನಲ್ಲೂ ಅಲ್ಲ, ಶಿವಮೊಗ್ಗದ ಮುಸುಕಿನ ಜೋಳದ ಹೊಲದಲ್ಲಿ. ಅಲ್ಲಿಯ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಗುರುತಿಸಿದ ಕೆಲವೇ ತಿಂಗಳುಗಳಲ್ಲಿ ಅದು ರಾಜ್ಯದಿಂದ ರಾಜ್ಯಕ್ಕೆ ದಾಟಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸತರ ಒಂದು ಘಟನೆಯನ್ನು ಮರೆಯಲಾರೆ. ಒಂದು ವಿಮಾನನಿಲ್ದಾಣದಲ್ಲಿ ಹೊರದೇಶದ ಮಗಳ ಮನೆಯಿಂದ ಹಿಂದಿರುಗುತ್ತಿದ್ದ ವೃದ್ಧೆಯೊಬ್ಬರ ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ನಾಲ್ಕು ಗಿಡಗಳು ಸಿಕ್ಕವು. ಬೇರಿಗೆ ಮಣ್ಣು ಅಂಟಿತ್ತು. ಪರವಾನಗಿಯಿಲ್ಲದೆ ಹೊರದೇಶದ ಮಣ್ಣು ತರುವಂತಿಲ್ಲ. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜಂತುಹುಳುಗಳೂ ಶಿಲೀಂಧ್ರಗಳೂ ಇರಬಹುದು. ನಾನು ನಿಯಮದ ಸಂಖ್ಯೆಯನ್ನು ಇಂಗ್ಲಿಷಿನಲ್ಲಿ ಹೇಳಿ, ಗಿಡಗಳನ್ನು ತೆಗೆದುಕೊಂಡು, ರಸೀದಿ ಬರೆಯತೊಡಗಿದೆ. ಆಕೆ ತಮ್ಮಷ್ಟಕ್ಕೆ ಕನ್ನಡದಲ್ಲಿ ಗೊಣಗಿಕೊಂಡರು. ನಾನು ಕನ್ನಡದವನೆಂದು ಹೇಗೋ ತಿಳಿದು, “ಇದರಲ್ಲೇನಿದೆ ಅಂತ ಹೇಳಪ್ಪ, ನಾನೇ ಎಸೆದುಬಿಡ್ತೀನಿ” ಎಂದರು. ನಾನು ಹೇಳಲಿಲ್ಲ. ಹಿಂದೆ ಸಾಲು ಬೆಳೆದಿತ್ತು. ಜೊತೆಗೆ ಅಧಿಕಾರದ ಮರ್ಯಾದೆಯೂ ಅಡ್ಡ ಬಂದಿತ್ತು. ಗಿಡಗಳು ಸುಟ್ಟವು. ಆಕೆ ಮುಂದಿನ ಸಲ ಗಿಡ ತರುವುದನ್ನು ಬಿಟ್ಟರೋ, ಇನ್ನೂ ಚೆನ್ನಾಗಿ ಬಚ್ಚಿಡುವುದನ್ನು ಕಲಿತರೋ, ನಾನರಿಯೆ. ಎರಡನೆಯದೇ ಆಗಿದ್ದರೆ ಆಕೆಗೆ ಕಲಿಸಿದ ಗುರು ನಾನೇ.

ಈಗ ನಮ್ಮ ತೋಟದ ವಿಷಯ. ಚಿಕ್ಕಮಗಳೂರು ಜಿಲ್ಲೆಯಲ್ಲಿ ನಮ್ಮದು ಚಿಕ್ಕ ಹಿಡುವಳಿ. ತಂದೆಯವರ ನಂತರ ಅಣ್ಣಯ್ಯನೇ ನೋಡಿಕೊಳ್ಳುತ್ತಾನೆ. ಕಾಫಿಗೆ ಕಾಯಿಕೊರಕ ಎಂಬ ಕೀಟವಿದೆ. ಬೆಳೆಗಾರರು ಬೆರ್ರಿ ಬೋರರ್ ಎಂದೇ ಕರೆಯುತ್ತಾರೆ. ಮೂಲ ಆಫ್ರಿಕ. ಸಾಸಿವೆ ಕಾಳಿಗಿಂತ ದೊಡ್ಡದಲ್ಲದ ಕಪ್ಪು ದುಂಬಿ. ಹೆಣ್ಣು ದುಂಬಿ ಕಾಯಿಯ ಹೊಕ್ಕುಳ ಕೊರೆದು ಒಳಸೇರಿ ಬೀಜದಲ್ಲಿ ಮೊಟ್ಟೆಯಿಡುತ್ತದೆ. ಇಡೀ ಸಂಸಾರ ಅಲ್ಲೇ ಬೆಳೆಯುತ್ತದೆ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 1990ರಲ್ಲಿ, ನೀಲಗಿರಿಯ ಗುಡಲೂರಿನ ಕಡೆ. ಅಲ್ಲಿಂದ ವಯನಾಡಿಗೆ, ಕೊಡಗಿಗೆ, ಕ್ರಮೇಣ ನಮ್ಮ ಕಡೆಗೆ ಬಂತು. ದುಂಬಿ ತಾನೇ ಹಾರಿ ಬಂದದ್ದು ಸ್ವಲ್ಪ. ಗೋಣಿಚೀಲ, ಲಾರಿ, ಸರಿಯಾಗಿ ಒಣಗದ ಕಾಫಿ ಇವುಗಳ ಮೂಲಕ ನಾವೇ ಕರೆತಂದದ್ದು ಹೆಚ್ಚು.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ರಜೆಯಲ್ಲಿ ಊರಿಗೆ ಹೋಗಿದ್ದೆ. ಕಣದಲ್ಲಿ ಹರಡಿದ್ದ ಹಣ್ಣಿನಲ್ಲಿ ಕೈಯಾಡಿಸುವಾಗ ತೂತು ಬಿದ್ದ ಕಾಯಿಗಳು ಕಂಡವು. ಅಣ್ಣಯ್ಯನ ಮುಖ ನೋಡಿದೆ. ಅವನು ತಲೆ ತಗ್ಗಿಸಿದ. ವಿಚಾರಿಸಿದರೆ, ಹಿಂದಿನ ವರ್ಷದ ಕೊಯ್ಲಿನಲ್ಲೇ ಕೆಲಸದ ಹೆಂಗಸೊಬ್ಬಳು ಅಂಥ ಕಾಯಿಗಳನ್ನು ಸೆರಗಿನಲ್ಲಿ ಕಟ್ಟಿ ತಂದು ತೋರಿಸಿದ್ದಳು. ಅವಳ ತವರು ಕೊಡಗಿನ ಕಡೆ; ಅಲ್ಲಿ ಕಂಡಿದ್ದಳು. ಅಣ್ಣಯ್ಯ “ಯಾರಿಗೂ ಹೇಳಬೇಡ” ಎಂದು ಅವಳ ಬಾಯಿ ಮುಚ್ಚಿಸಿದ್ದ. ಸುದ್ದಿ ಹರಡಿದರೆ ವ್ಯಾಪಾರಿ ಬೆಲೆ ಇಳಿಸುತ್ತಾನೆ. ನೆರೆಯವರು ‘ನಿನ್ನ ತೋಟದಿಂದ ಬಂತು’ ಎನ್ನುತ್ತಾರೆ. ಇಲಾಖೆಯವರು ಬಂದು ಸಾಗಣೆ ತಡೆಯುತ್ತಾರೆ. ಅವನ ಲೆಕ್ಕ ಇಷ್ಟು.

“ನಾನಿದ್ದೆನಲ್ಲ, ನನಗಾದರೂ ಒಂದು ಕಾಗದ ಬರೆಯಬಾರದಿತ್ತೆ?” ಎಂದೆ. ಅಣ್ಣಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರೆದಿದ್ದರೆ ನೀನು ತಮ್ಮನಾಗಿ ಬರ್ತಿದ್ದೆಯೋ, ಆಫೀಸರಾಗಿ ಬರ್ತಿದ್ದೆಯೋ, ಗೊತ್ತಾಗಲಿಲ್ಲ” ಎಂದ.

ಬಂಧುಗಳೆ, ಈ ಮಾತಿಗೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ಒಂದೇ ಹಾಲು ಕುಡಿದು ಬೆಳೆದ ಅಣ್ಣನೇ ನನ್ನ ಹುದ್ದೆಗೆ ಹೆದರಿ ರೋಗ ಮುಚ್ಚಿಟ್ಟನೆಂದ ಮೇಲೆ ಗುರುತು ಪರಿಚಯವಿಲ್ಲದ ರೈತ ನಮ್ಮ ಬಾಗಿಲಿಗೆ ಬಂದು ‘ನನ್ನ ಹೊಲದಲ್ಲಿ ಹೊಸ ಹುಳು ಇದೆ’ ಎಂದು ಏಕೆ ಹೇಳಿಯಾನು? ಆ ಒಂದು ವರ್ಷದಲ್ಲಿ ದುಂಬಿ ಸುತ್ತಲಿನ ತೋಟಗಳಿಗೂ ಹರಡಿತ್ತು. ಕಾಯಿಲೆ ಮುಚ್ಚಿಟ್ಟದ್ದು ಅಣ್ಣಯ್ಯ. ಮುಚ್ಚಿಡುವುದೇ ಲಾಭವೆಂಬ ಸ್ಥಿತಿಯನ್ನು ತಂದವರಲ್ಲಿ ನಮ್ಮಂಥವರ ಪಾಲೂ ಇದೆ.

ಮರುವಾರ ಊರ ಶಾಲೆಯಲ್ಲಿ ಸುತ್ತಲಿನ ಬೆಳೆಗಾರರನ್ನೂ ಕೆಲಸದವರನ್ನೂ ಸೇರಿಸಿದೆವು. ಅಣ್ಣಯ್ಯ ಎದ್ದು ನಿಂತು, “ಮೊದಲು ನನ್ನ ತೋಟದಲ್ಲೇ ಕಂಡದ್ದು, ಹೇಳದೆ ಇದ್ದದ್ದು ತಪ್ಪಾಯಿತು” ಎಂದ. ಅಷ್ಟು ಹೇಳುವುದು ಅವನಿಗೆ ಎಷ್ಟು ಕಷ್ಟವಾಗಿತ್ತೆಂಬುದು ನನಗೆ ಗೊತ್ತು. ಬಳಿಕ ಇನ್ನಿಬ್ಬರು ಎದ್ದು ತಮ್ಮ ತೋಟದಲ್ಲೂ ಇದೆಯೆಂದರು. ಆಮೇಲೆ ನಾನು ಮಾತನಾಡಿದೆ. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ ಹಣ್ಣಿನಲ್ಲೇ ಈ ಕೀಟ ಮುಂದಿನ ಬೆಳೆಯವರೆಗೆ ಬದುಕಿರುತ್ತದೆ. ಆದ್ದರಿಂದ ಒಂದು ಕಾಯಿಯನ್ನೂ ಬಿಡದೆ ಆರಿಸಬೇಕು. ಕೊಯ್ಯುವಾಗ ಬುಡದಲ್ಲಿ ಚಾಪೆ ಹಾಸಬೇಕು. ಕೊರೆದ ಕಾಯಿಗಳನ್ನು ಕುದಿಯುವ ನೀರಿನಲ್ಲಿ ಅದ್ದಬೇಕು. ಕಾಫಿಯನ್ನು ಚೆನ್ನಾಗಿ ಒಣಗಿಸಬೇಕು. ಚೀಲಗಳನ್ನು ಶುಚಿಮಾಡದೆ ತೋಟದಿಂದ ತೋಟಕ್ಕೆ ಒಯ್ಯಬಾರದು. ಒಬ್ಬನೇ ಮಾಡಿದರೆ ಫಲವಿಲ್ಲ, ಎಲ್ಲರೂ ಮಾಡಬೇಕು. ಶಾಸ್ತ್ರದ ಪ್ರಕಾರ ಒಂದಕ್ಷರ ತಪ್ಪಿಲ್ಲದ ಉಪನ್ಯಾಸ. ಎಲ್ಲರೂ ತಲೆಯಾಡಿಸಿದರು.

ಕೊನೆಗೆ ಹಿಂದೆ ನಿಂತಿದ್ದ ಆ ಹೆಂಗಸು, ಮೊದಲು ಕಾಯಿ ತಂದು ತೋರಿಸಿದವಳು, ಕೇಳಿದಳು: “ಸಾಹೇಬ್ರೆ, ಗಿಡದ ಹಣ್ಣು ಕುಯ್ದ್ರೆ ತೂಕ ಬರುತ್ತೆ, ಕೂಲಿ ಬರುತ್ತೆ. ನೆಲದ್ದು ಆರಿಸಿದ್ರೆ ಬೆನ್ನು ನೋವು ಬರುತ್ತೆ. ಅದಕ್ಕೆ ಕೂಲಿ ಹೆಂಗೆ?”

ನಮ್ಮ ಯಾವ ಕರಪತ್ರದಲ್ಲೂ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಕೊಯ್ಲಿನ ಕೂಲಿ ಕಿಲೋ ಲೆಕ್ಕದ್ದು. ದಿನವಿಡೀ ಬಾಗಿ ಉದುರು ಹಣ್ಣು ಆರಿಸಿದರೆ ತೂಕ ಎಲ್ಲಿಂದ ಬರಬೇಕು? ‘ಸಮುದಾಯದ ಸಹಭಾಗಿತ್ವ’ವೆಂದು ನಾವು ಬರೆದಿದ್ದರ ಭಾರವೆಲ್ಲ ಅವಳ ಬೆನ್ನಿನ ಮೇಲೆ ಬೀಳುವಂತಿತ್ತು, ಅವಳ ಪಾಲಿಗೆ ಇದ್ದದ್ದು ಕೂಲಿನಷ್ಟ ಮಾತ್ರ. ಆ ರಾತ್ರಿ ಬೆಳೆಗಾರರೊಳಗೇ ಜಗಳವಾಯಿತು. ಕಡೆಗೆ ಉದುರು ಹಣ್ಣು ಆರಿಸುವುದಕ್ಕೆ ತೂಕದ ಲೆಕ್ಕ ಬಿಟ್ಟು ದಿನಗೂಲಿ ಕೊಡಬೇಕೆಂದೂ, ತೂತುಕಾಯಿ ಮೊದಲು ತಂದು ತೋರಿಸಿದವರನ್ನು ಗದರಿಸಬಾರದೆಂದೂ ಒಪ್ಪಂದವಾಯಿತು. ಎಲ್ಲರೂ ಪಾಲಿಸಿದರೆಂದು ಹೇಳಲಾರೆ. ಕೀಟ ನಿರ್ಮೂಲವಾಗಲಿಲ್ಲ, ಅದು ಆಗುವಂಥದೂ ಅಲ್ಲ. ಆದರೆ ಮುಂದಿನ ವರ್ಷಗಳಲ್ಲಿ ನಮ್ಮ ಕಡೆ ಅದು ಹತೋಟಿಯಲ್ಲಿ ಉಳಿಯಿತು. ಭಾರತದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ ಸಣ್ಣ ಹಿಡುವಳಿದಾರರು. ಇಂಥ ಕಡೆ ಬೇಲಿಗಳ ನಡುವಿನ ಒಪ್ಪಂದವೇ ನಿಜವಾದ ಕ್ವಾರಂಟೈನ್.

ಜನರಿಗೆ ಮೊದಲೇ ತಿಳಿಸದಿದ್ದರೆ ಒಳ್ಳೆಯ ಕೆಲಸವೂ ಹೇಗೆ ಕೆಡುತ್ತದೆ ಎಂಬುದಕ್ಕೆ ಮತ್ತೆ ಪಾರ್ಥೇನಿಯಂ ಕಡೆ ನೋಡಬಹುದು. ಅದರ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1983ರಲ್ಲಿ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಕೆಲವು ವರ್ಷಗಳ ನಂತರ ಅದೇ ಜೀರುಂಡೆ ಸೂರ್ಯಕಾಂತಿಯ ಎಲೆಯ ಮೇಲೆ ಕಂಡಿತು. ರೈತರು ಗಾಬರಿಯಾದದ್ದು ಸಹಜ. ಪಾರ್ಥೇನಿಯಂನ ಪರಾಗ ಸೂರ್ಯಕಾಂತಿಯ ಎಲೆಗಳ ಮೇಲೆ ಬಿದ್ದದ್ದರಿಂದ ಅವು ಅಲ್ಲಿಗೆ ಆಕರ್ಷಿತವಾದವೆಂದು ವಿಜ್ಞಾನಿಗಳು ಆಮೇಲೆ ತೋರಿಸಿಕೊಟ್ಟರು. ಅಷ್ಟರಲ್ಲಿ ವಿವಾದವೆದ್ದು ಜೀರುಂಡೆ ಬಿಡುವ ಕೆಲಸಕ್ಕೆ ತಡೆ ಬಿದ್ದಿತ್ತು. ರೈತನ ಹೊಲದ ಪಕ್ಕದಲ್ಲಿ ಹೊಸ ಜೀವಿಯೊಂದನ್ನು ಬಿಡುವ ಮುನ್ನ ಅವನಿಗೆ ತೋರಿಸಿ, ಹೇಳಿ, ಅವನ ಪ್ರಶ್ನೆ ಕೇಳಿಸಿಕೊಂಡಿದ್ದರೆ ಆ ವರ್ಷಗಳು ಉಳಿಯುತ್ತಿದ್ದವೆಂದು ನನ್ನ ಭಾವನೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯದ ಹಿಟ್ಟು ತಿಗಣೆ ಹಿಪ್ಪುನೇರಳೆ, ಮರಗೆಣಸುಗಳಿಗೂ ಹತ್ತಿ ತಮಿಳುನಾಡು, ಕರ್ನಾಟಕಗಳ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಮೇಣದ ಹೊದಿಕೆಯ ಕೀಟ; ಔಷಧಿ ತಾಗುವುದಿಲ್ಲ. 2010ರಲ್ಲಿ ಅದರ ಸಹಜ ಶತ್ರುವಾದ ಸಣ್ಣ ಕಣಜವೊಂದನ್ನು ಪೋರ್ಟೊ ರಿಕೊದಿಂದ ಬೆಂಗಳೂರಿಗೆ ತರಿಸಿ, ಸಾಕಿ, ರೈತರ ಕೈಗೇ ಹಂಚಿದರು. ರೈತರಿಂದ ಬೇಡಿದ್ದು ಒಂದೇ: ಇನ್ನು ಔಷಧಿ ಹೊಡೆಯಬೇಡಿ. ಕಣ್ಣೆದುರು ಬೆಳೆ ಹಾಳಾಗುತ್ತಿರುವಾಗ ಕೈಕಟ್ಟಿ ಕೂರುವಂತೆ ಹೇಳುವುದು ಸಣ್ಣ ಬೇಡಿಕೆಯಲ್ಲ. ಹೊಡೆದರೆ ಕಣಜವೇ ಸಾಯುತ್ತದೆ. ನಂಬಿದವರ ತೋಟಗಳಲ್ಲಿ ಕಣಜ ನೆಲೆಯೂರಿತು; ಕೆಲವೇ ತಿಂಗಳುಗಳಲ್ಲಿ ತಿಗಣೆ ಇಳಿಯಿತು. ಅಲ್ಲಿ ಕೆಲಸ ಮಾಡಿದ್ದು ಕಣಜ ಎಷ್ಟೋ, ನಂಬಿಕೆಯೂ ಅಷ್ಟೇ.

ಪರಿಸರದ ನಿರ್ವಹಣೆಯಲ್ಲೂ ಕಥೆ ಇದೇ. ಬಿಳಿಗಿರಿರಂಗನ ಬೆಟ್ಟದ ಕಾಡಿನ ತಳವನ್ನು ಲಂಟಾನ ಆವರಿಸಿದೆ. ಅದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ದೇಶಕ್ಕೆ ಬಂದ ಗಿಡ. ಅಲ್ಲಿಯ ಸೋಲಿಗರು ಹೇಳುವುದೇನೆಂದರೆ, ತಮ್ಮ ಹಿರಿಯರು ಬೇಸಿಗೆ ಬಲಿಯುವ ಮುನ್ನವೇ ತರಗೆಲೆಗೆ ಹಾಕುತ್ತಿದ್ದ ಸಣ್ಣ ಬೆಂಕಿ, ‘ತರಗು ಬೆಂಕಿ’, ಈ ಗಿಡದ ಬೀಜವನ್ನೂ ಎಳೆಯ ಸಸಿಯನ್ನೂ ಹತೋಟಿಯಲ್ಲಿಟ್ಟಿತ್ತು. 1974ರಲ್ಲಿ ಅಭಯಾರಣ್ಯವಾಗಿ ಬೆಂಕಿ ನಿಷಿದ್ಧವಾದ ಮೇಲೆ ಲಂಟಾನ ದಟ್ಟವಾಯಿತು. ಸಂಶೋಧಕರು ಈಗ ಈ ಮಾತನ್ನು ಗಂಭೀರವಾಗಿ ಪರಿಶೀಲಿಸಿ ಬರೆದಿದ್ದಾರೆ. 2011ರಲ್ಲಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಆದರೆ ಕಾಡನ್ನು ಮೂರು ದಶಕ ಕಣ್ಣಾರೆ ನೋಡುತ್ತಿದ್ದವರನ್ನು ‘ಏನಾಗುತ್ತಿದೆ?’ ಎಂದು ಕೇಳಲು ನಮಗೆ ಅಷ್ಟು ಕಾಲ ಬೇಕಾಯಿತು.

ಇಲ್ಲಿ ಭಾಷೆಯ ಪ್ರಶ್ನೆಯೂ ಇದೆ. ಕನ್ನಡ ಸಂಘದ ವೇದಿಕೆಯಲ್ಲಿ ಅದನ್ನು ಹೇಳದೆ ಇರಲಾರೆ. ನಮ್ಮ ಎಚ್ಚರಿಕೆಯ ಫಲಕಗಳು, ಅಧಿಸೂಚನೆಗಳು ಹೆಚ್ಚಾಗಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಹೊರಡುತ್ತವೆ. ಕನ್ನಡಕ್ಕೆ ಬಂದಾಗಲೂ ‘ಪೀಡೆನಾಶಕ ಸಂಯೋಜಿತ ನಿರ್ವಹಣೆ’ ಎಂಬಂಥ ಕನ್ನಡ. ಕಾಯಿ ತಂದು ತೋರಿಸಿದ ಆ ಹೆಂಗಸಿಗೆ ಇವು ಮೂರೂ ಒಂದೇ. ಕೀಟದ ಬಗ್ಗೆ ಹೇಳುವ ಮಾತು ತೂತು, ಹೊಕ್ಕುಳ, ಉದುರು, ಚಾಪೆ ಎಂಬ ಮಾತುಗಳಲ್ಲಿ ಇರದಿದ್ದರೆ ಆ ಮಾತು ತೋಟಕ್ಕೆ ಇಳಿಯುವುದಿಲ್ಲ. ಭಾಷಾನೀತಿಯೆಂದರೆ ಸಾಹಿತ್ಯದ ಚಿಂತೆಯಷ್ಟೇ ಎಂದು ತಿಳಿದವರು ಒಂದು ಸಲ ಬೆಳೆನಷ್ಟದ ಲೆಕ್ಕವನ್ನೂ ನೋಡಬೇಕು.

ಹೊರನಾಡಿನಲ್ಲಿರುವ ನಮಗೂ ಇದರಲ್ಲಿ ಪಾಲಿದೆ. ಊರಿಗೆ ಹೋದಾಗ ಬಾಳೆಯ ಕಂದು, ವೀಳ್ಯದೆಲೆಯ ಬಳ್ಳಿ, ಕೆಸುವಿನ ಗೆಡ್ಡೆ ತಂದು ಬಾಲ್ಕನಿಯಲ್ಲೋ ಕಾಲೊನಿಯ ಅಂಗಳದಲ್ಲೋ ನೆಡದವರು ನಮ್ಮಲ್ಲಿ ವಿರಳ. ನಾನೂ ತಂದಿದ್ದೇನೆ. ಗಿಡದ ಜೊತೆ ಊರು ಬಂದಂತಾಗುತ್ತದೆ. ಆ ಭಾವನೆಯನ್ನು ನಾನು ಲಘುವಾಗಿ ಕಾಣುವುದಿಲ್ಲ. ಆದರೆ ನಂಜನಗೂಡಿನ ರಸಬಾಳೆಯನ್ನು ನೆನೆಯಿರಿ. ಪನಾಮಾ ಸೊರಗು ರೋಗದ ಶಿಲೀಂಧ್ರ ಕಂದಿನಲ್ಲೂ ಅದಕ್ಕಂಟಿದ ಮಣ್ಣಿನಲ್ಲೂ ಸಾಗುತ್ತದೆ; ಒಮ್ಮೆ ನೆಲ ಸೇರಿದರೆ ದಶಕಗಳ ಕಾಲ ಉಳಿಯುತ್ತದೆ. ಆ ಬಾಳೆ ತನ್ನ ಹುಟ್ಟೂರಲ್ಲೇ ಅಪರೂಪವಾಗಲು ಈ ರೋಗ ಮುಖ್ಯ ಕಾರಣ. ಅದೇ ರೋಗದ ಇನ್ನೊಂದು ಬಲವಾದ ತಳಿ ಈಗ ಬಿಹಾರ, ಉತ್ತರ ಪ್ರದೇಶಗಳ ಬಾಳೆತೋಟಗಳಲ್ಲಿದೆ. ಒಂದು ಕಂದು ಕಾರಿನ ಡಿಕ್ಕಿಯಲ್ಲಿ ಎಷ್ಟು ದೂರ ಹೋಗಬಹುದೆಂಬುದನ್ನು ತಾವೇ ಊಹಿಸಿರಿ.

ಆದ್ದರಿಂದ ನನ್ನ ಬಿನ್ನಹಗಳು ನಾಲ್ಕು. ಬಾಳೆ ನೆಡುವುದಿದ್ದರೆ ನಂಬಿಗಸ್ತ ಕಡೆಯಿಂದ ಅಂಗಾಂಶ ಕೃಷಿಯ ಸಸಿ ಕೊಳ್ಳಿರಿ. ಮಣ್ಣು ಅಂಟಿದ ಗಿಡವನ್ನು ಊರಿಂದ ಊರಿಗೆ ಒಯ್ಯಬೇಡಿರಿ. ಹೊರದೇಶದಲ್ಲಿರುವ ಮಕ್ಕಳ ಮನೆಯಿಂದ ಬರುವಾಗ ಬೀಜ, ಗಿಡ ತರುವ ಆಸೆಯಾದರೆ ಮೊದಲು ನಮ್ಮನ್ನು ಕೇಳಿರಿ. ಕೇಳಿದವರಿಗೆ ಕನ್ನಡದಲ್ಲಿ, ಕಾರಣ ಸಹಿತ ಉತ್ತರಿಸುವುದು ನನ್ನ ಕರ್ತವ್ಯ, ಇದು ಆ ವೃದ್ಧೆಗೆ ನಾನು ಬಾಕಿಯುಳಿಸಿಕೊಂಡ ಸಾಲ. ನಾಲ್ಕನೆಯದಾಗಿ, ತಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇನ್ನೂ ಜಮೀನಿದೆ. ಅಣ್ಣನೋ ಚಿಕ್ಕಪ್ಪನೋ ಗೇಣಿಯವರೋ ನೋಡಿಕೊಳ್ಳುತ್ತಿರುತ್ತಾರೆ. ಫೋನು ಮಾಡಿದಾಗ ಮಳೆ, ಬೆಲೆ ಕೇಳುವುದರ ಜೊತೆಗೆ, ‘ಹೊಸದೇನಾದರೂ ಕಂಡಿತೆ? ಮೊದಲು ಕಂಡವರು ಯಾರು?’ ಎಂದೂ ಕೇಳಿರಿ. ಕಂಡದ್ದನ್ನು ಹೇಳಿದವರಿಗೆ ಕೇಡಾಗದಂತೆ ನೋಡಿಕೊಳ್ಳಿರಿ.

ಕಳೆದ ಸಲ ಊರಿಗೆ ಹೋದಾಗ ಅಣ್ಣಯ್ಯ ಜಗಲಿಯ ಮೇಲೆ ಒಂದು ಗಾಜಿನ ಶೀಸೆ ತಂದಿಟ್ಟ. ಒಳಗೆ ಅಡಿಕೆಯ ಗಿಡದಿಂದ ತೆಗೆದ ಯಾವುದೋ ಕೀಟ. “ನಿನಗೇ ಅಂತ ಇಟ್ಟಿದ್ದೆ, ಇದು ಏನು ನೋಡು” ಎಂದ. ಅದು ಹೊಸದೇನಲ್ಲ, ಹಳೆಯ ಕೀಟವೇ. ಆದರೂ ಸೇವೆಗೆ ಸೇರಿದಂದಿನಿಂದ ನನಗೆ ದೊರೆತ ಯಾವ ಪ್ರಶಸ್ತಿಪತ್ರಕ್ಕಿಂತಲೂ ಆ ಶೀಸೆ ನನಗೆ ಹೆಚ್ಚಿನದೆನಿಸಿತು.